ಮನೆ ಪೂಲಿಗೆ ಆಳು ಇಡಬೇಕಾ, ನಾವೇ ನೋಡಿಕೊಂಡರೆ ಸಾಕಾ?

ಚಿಕ್ಕಮಗಳೂರು ಕಡೆ ಹೋಂಸ್ಟೇಗೆ ಫೋನ್ ಮಾಡುವವರು ಈಗ ಮೊದಲು ಕೇಳುವುದೇ ಪೂಲ್ ಇದೆಯಾ ಅಂತ. ಅದನ್ನು ನೋಡಿ ನೋಡಿ ಮನೆಗೂ ಒಂದು ಕಟ್ಟಿಸಿಕೊಂಡವರಿದ್ದಾರೆ. ಆಲ್ದೂರು ಹತ್ತಿರದ ನಮ್ಮದೂ ಅಂಥದ್ದೇ. ಕಟ್ಟಿಸುವಾಗ ಎಲ್ಲರೂ ಟೈಲ್ಸ್ ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ತಿಂಗಳಿಗೆ ಎಷ್ಟು ಬೀಳುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹಾಸನದ ನಮ್ಮ ಭಾವ ಈಗ ಕಟ್ಟಿಸಲು ಹೊರಟಿದ್ದಾರೆ. ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪೂಲ್ 24 ಅಡಿ ಉದ್ದ, 12 ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳ. ಅಂದರೆ ಸುಮಾರು 36,000 ಲೀಟರ್ ನೀರು. ಪೇಟೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಹುಡುಗನಿಗೆ ಒಂದು ಸಲಕ್ಕೆ 1,200 ರೂಪಾಯಿ, ಕೆಮಿಕಲ್ ಖರ್ಚು ಬೇರೆ. ತಿಂಗಳಿಗೆ ಕೂಲಿಯೇ 5,000 ಹತ್ತಿರ ಆಯಿತು. ನಾವೇ ನೋಡಿಕೊಂಡರೆ ಬೇಸಿಗೆಯಲ್ಲಿ ಕೆಮಿಕಲ್‌ಗೆ ಸಾವಿರ ಚಿಲ್ಲರೆ, ಅಷ್ಟೇ.

ಯಾರು ಮಾಡಿದರೂ ತಪ್ಪದ ಖರ್ಚು ಕರೆಂಟಿನದ್ದು. ನೀರು ಸೋಸುವ 1 ಎಚ್‌ಪಿ ಮೋಟರ್ ದಿನಕ್ಕೆ ಆರು ಗಂಟೆ ಓಡಿದರೆ ಹೆಚ್ಚುಕಡಿಮೆ 5 ಯೂನಿಟ್, ತಿಂಗಳಿಗೆ 150. ಸುಮ್ನೆ 150 ಅಂದುಕೊಳ್ಳಬೇಡಿ. ಮನೆಯ ಬಳಕೆಯೂ ಸೇರಿ 200 ದಾಟಿತೋ, ಗೃಹಜ್ಯೋತಿ ಇಲ್ಲ, ಇಡೀ ಬಿಲ್ಲು ನಮ್ಮ ತಲೆಗೇ. ಮೆಸ್ಕಾಂ ಬಿಲ್ಲು ಸೊನ್ನೆ ಬರುತ್ತಿದ್ದ ಮನೆಯಲ್ಲಿ ಪೂಲ್ ಬಂದ ಮೇಲೆ ಇದೇ ದೊಡ್ಡ ಚರ್ಚೆ. ಚಳಿಗಾಲದಲ್ಲಿ, ಈಜುವವರೇ ಇಲ್ಲದಾಗ, ನಾಲ್ಕು ಗಂಟೆ ಓಡಿಸಿದರೂ ನೀರು ತಿಳಿಯಾಗೇ ಇರುತ್ತೆ. ಆಳಿನ ಕೂಲಿ ಉಳಿಸುವ ಮೊದಲು ಮೋಟರಿನ ಟೈಮರ್ ಸರಿಮಾಡಿ.

ಇನ್ನು ಆಳಿನ ವಿಷಯ. ಆ ಹುಡುಗ ಕೆಲಸದಲ್ಲಿ ಚುರುಕು, ತಕರಾರಿಲ್ಲ. ಆದರೆ ಸೋಮವಾರ ಬಂದು ಪಳಪಳ ಅನ್ನಿಸಿ ಹೋದ ಪೂಲು ಗುರುವಾರದ ಹೊತ್ತಿಗೆ ಹಸಿರು ಛಾಯೆಗೆ ತಿರುಗಿದರೆ ಅವನಾದರೂ ಏನು ಮಾಡಿಯಾನು? ಪೂಲ್ ಅಂದ್ರೆ ಮನೆಯಲ್ಲಿ ಹಸು ಕಟ್ಟಿದ ಹಾಗೆ, ವಾರಕ್ಕೊಂದು ದಿನ ಮೇವು ಹಾಕಿದರೆ ನಡೆಯಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ತೋಟದ ಸಿಲ್ವರ್ ಓಕ್ ಎಲೆ ಉದುರುತ್ತಲೇ ಇರುತ್ತದೆ. ಬೆಳಿಗ್ಗೆ ತೆಗೆಯದ ಎಲೆ ಸಂಜೆಗೆ ನೆನೆದು ತಳ ಸೇರುತ್ತೆ, ಅಲ್ಲಿ ಕೊಳೆಯುತ್ತಾ ಕ್ಲೋರಿನ್ ತಿನ್ನುತ್ತೆ. ಮೇಲಿಂದ ಬಿಸಿಲೂ ತಿನ್ನುತ್ತೆ. ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ ತೆಗೆದು ನೋಡಿ, ಎಲೆ ಮುದ್ದೆಯ ನಡುವೆ ಒಂದೆರಡು ಕಪ್ಪೆಯೂ ಇರುತ್ತವೆ. ಈ ಕೆಲಸಕ್ಕೆ ಬೇಕಾಗಿರುವುದು ದಿನಾ ಹತ್ತು ನಿಮಿಷ ಮತ್ತು ಎಲೆ ಬಾಚುವ ಒಂದು ನೆಟ್ಟು. ಪರಿಣಿತಿ ಬೇಡ.

ಕೆಮಿಕಲ್ಲಿಗೂ ಅಷ್ಟೊಂದು ಹೆದರಬೇಕಿಲ್ಲ. ಟೆಸ್ಟ್ ಕಿಟ್‌ನಲ್ಲಿ ಎರಡು ಚಿಕ್ಕ ಕೊಳವೆ ಇರುತ್ತವೆ. ಒಂದರಲ್ಲಿ ಡ್ರಾಪ್ಸ್ ಹಾಕಿದರೆ ನೀರು ಹಳದಿಯಾಗುತ್ತೆ, ಅದು ಕ್ಲೋರಿನ್. ಇನ್ನೊಂದು ಕೆಂಪು ಕಡೆಗೆ ತಿರುಗುತ್ತೆ, ಅದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 7.2ರಿಂದ 7.8 ಇದ್ದರೆ ಸಾಕು. ನಮ್ಮ ಅಳತೆಯ ಪೂಲಿಗೆ 1 ಪಿಪಿಎಂ ಏರಿಸಲು ಟಿಸಿಸಿಎ 90 ಅನ್ನುವ ಕ್ಲೋರಿನ್ ಪುಡಿ ಸುಮಾರು 40 ಗ್ರಾಂ ಬೇಕು. ಬ್ಲೀಚಿಂಗ್ ಪೌಡರ್ ಆದರೆ ಅದರ ಮೂರು ಪಟ್ಟು, ಮೇಲೆ ತಳದಲ್ಲಿ ಸುಣ್ಣದ ಗಸಿ. ಅಗ್ಗ ಅಂತ ಅದನ್ನು ತಂದವರು ಆಮೇಲೆ ಬ್ರಶ್ ಹಿಡಿದು ಉಜ್ಜುತ್ತಾ ಕೂರಬೇಕು.

ಟಿಸಿಸಿಎಗೂ ಒಂದು ಕಾಟ ಇದೆ. ಅದರಲ್ಲಿರುವ ಸಯನ್ಯೂರಿಕ್ ಆಮ್ಲ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುತ್ತೆ, ಆದರೆ ಕ್ಲೋರಿನ್ ಖರ್ಚಾದ ಮೇಲೂ ನೀರಲ್ಲೇ ಉಳಿದು ತಿಂಗಳು ತಿಂಗಳೂ ಜಮೆಯಾಗುತ್ತೆ. 30ರಿಂದ 50 ಪಿಪಿಎಂ ಒಳ್ಳೆಯದು, 100 ದಾಟಿದರೆ ಎಷ್ಟು ಕ್ಲೋರಿನ್ ಹಾಕಿದರೂ ಪಾಚಿಗೆ ನಾಟುವುದೇ ಇಲ್ಲ. ಸುಲಭದ ಔಷಧಿ ಅಂದರೆ ನೀರು ಬದಲಿಸುವುದು. ಬಯಲುಸೀಮೆಯವರು ಇದಕ್ಕೆ ಟ್ಯಾಂಕರ್ ತರಿಸಬೇಕು. ನಮಗೆ ಜೂನ್, ಜುಲೈ ಮಳೆಯೇ ಪೂಲ್ ತುಂಬಿ ಹರಿಸಿ ತೆಳ್ಳಗೆ ಮಾಡಿಕೊಡುತ್ತೆ, ಪುಕ್ಕಟೆ! ಆದರೆ ಅದೇ ಮಳೆ ಆಲ್ಕಲಿನಿಟಿಯನ್ನೂ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಕ್ಷಾರದ ಗುಣ) ತೊಳೆದುಕೊಂಡು ಹೋಗುತ್ತೆ, ಆಗ ಪಿಎಚ್ ನಿಲ್ಲುವುದಿಲ್ಲ, ಟೈಲ್ಸ್ ಸಂದಿಯ ಸಿಮೆಂಟು ಸವೆಯುತ್ತೆ. ಇದಕ್ಕೆ ಚಂದದ ಡಬ್ಬಿಯಲ್ಲಿ ದುಬಾರಿಗೆ ಮಾರುವ ಪುಡಿ ಬೇಕಿಲ್ಲ, ಅದರೊಳಗೂ ಇರುವುದು ನಮ್ಮ ಅಡುಗೆ ಸೋಡಾನೇ. ಸುಮಾರು 600 ಗ್ರಾಂ ಹಾಕಿದರೆ ನಮ್ಮ ಪೂಲಲ್ಲಿ 10 ಪಿಪಿಎಂ ಏರುತ್ತೆ. 80ರಿಂದ 120ರ ಒಳಗಿದ್ದರೆ ಆಯಿತು.

ತೋಟದ ಮನೆಗಳಲ್ಲಿ ಇನ್ನೊಂದು ರೂಢಿ ನೋಡಿದ್ದೇನೆ. ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಗೋಡೌನಲ್ಲಿ ಇದ್ದೇ ಇರುತ್ತಲ್ಲ, ಪಾಚಿ ಕಂಡ ತಕ್ಷಣ ಒಂದು ಹಿಡಿ ಪೂಲಿಗೆ. ಪಾಚಿ ಸಾಯುತ್ತೆ, ನಿಜ. ಆದರೆ ತಾಮ್ರ ನೀರಲ್ಲೇ ಉಳಿದು ಗೋಡೆಗೆ ಕಲೆ ಹಿಡಿಯುತ್ತೆ, ಬಿಳಿ ಕೂದಲಿಗೆ ಹಸಿರು ಬಣ್ಣ ಬರುತ್ತೆ. ಅಜ್ಜಂದಿರು ಈಜುವ ಮನೆಯಲ್ಲಿ ಬೇಡ, ಅಲ್ವಾ?

ಒಂದು ಮಾತ್ರ ತಮಾಷೆಯಲ್ಲ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಬಕೆಟ್ಟಲ್ಲಿ, ಒಂದೇ ಚಮಚದಲ್ಲೂ ಬೆರೆಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಆ್ಯಸಿಡ್ ಸೇರಿದರೆ ವಿಷಗಾಳಿ. ಹಾಗಾಗಿ ನಾವು ಊರಲ್ಲಿ ಇಲ್ಲದಾಗ ತೋಟದ ಆಳಿಗೆ ನೆಟ್ಟು ಮಾತ್ರ ಕೊಡುತ್ತೇನೆ, ಡಬ್ಬಿಗಳಿಗೆ ಬೀಗ.

ಹಾಗಾದರೆ ದುಡ್ಡು ಕೊಟ್ಟು ಮಾಡಿಸುವುದು ಏನನ್ನು? ಮೋಟರ್ ಸೀಲ್ ಸೋರಿದರೆ, ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಕೈಕೊಟ್ಟರೆ, ಐದಾರು ವರ್ಷಕ್ಕೊಮ್ಮೆ ಫಿಲ್ಟರಿನ ಮರಳು ಬದಲಿಸಬೇಕಾದರೆ. ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆಯುವುದು) ನಾವೇ ಮಾಡಿಕೊಳ್ಳಬಹುದು, ಫಿಲ್ಟರಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಮಾಮೂಲಿಗಿಂತ 8-10 ಪಿಎಸ್‌ಐ ಮೇಲೆ ಹೋದಾಗ ಎರಡು ಮೂರು ನಿಮಿಷ. ಮಳೆಗಾಲದಲ್ಲಿ ಪೂಲ್ ಖಾಲಿ ಮಾಡಿ ತೊಳೆದುಕೊಡುತ್ತೇನೆ ಅಂತ ಯಾರಾದರೂ ಬಂದರೆ ಒಪ್ಪಬೇಡಿ, ನೆಲದಡಿಯ ನೀರು ಒತ್ತಿ ತಳವೇ ಬಿರುಕು ಬಿಡಬಹುದು.

ಅದೇ ಹುಡುಗನ ಜೊತೆ ಈಗ ಬೇರೆ ಮಾತಾಗಿದೆ. ಬೇಸಿಗೆಯಲ್ಲಿ ತಿಂಗಳಿಗೊಂದು ಸಲ, ಮಳೆ ನಿಂತ ಮೇಲೆ ಒಂದು ಸಲ, ಬಂದಾಗಲೆಲ್ಲ 1,500. ಮೊದಲಿಗಿಂತ 300 ಜಾಸ್ತಿ ಕೊಡುತ್ತಿದ್ದೇನೆ, ಅವನೂ ಎಲೆ ಬಾಚುವುದು ಬಿಟ್ಟು ಮೋಟರ್ ಬಿಚ್ಚಿ ನೋಡುತ್ತಾನೆ.