ಹೋದರೆ ಅಳುವಂಥದ್ದು ಎಷ್ಟಿದೆ?

ಮಂಗಳವಾರ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯ 4 ಟಿಬಿ ಹಾರ್ಡ್ ಡಿಸ್ಕ್ ಟಕ್, ಟಕ್ ಎಂದು ಸದ್ದು ಮಾಡತೊಡಗಿತು. ಗೋಡೆಯ ಮೇಲಿನ ಹಲ್ಲಿ ಎಂದುಕೊಂಡೆ. ಹಲ್ಲಿ ಇಷ್ಟು ತಾಳಬದ್ಧವಾಗಿ ಲೊಚಗುಟ್ಟುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಟಿವಿಯ ಪರದೆಯ ಮೇಲೆ ಚಿತ್ರ ನಿಂತುಹೋಗಿತ್ತು.

ಮರುದಿನ ಪಿ.ಬಿ. ರಸ್ತೆಯ ಪಕ್ಕದ ಸಂದಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನಿಗೆ ಅದನ್ನು ತೋರಿಸಿದೆ. ಅವನು ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು, ಹಣ್ಣಿನ ಅಂಗಡಿಯಲ್ಲಿ ಕಲ್ಲಂಗಡಿ ನೋಡುವವರಂತೆ ಒಂದು ಕ್ಷಣ ಆಲಿಸಿ, ‘ಇದು ಇವತ್ತು ಹೋಗ್ತೈತೋ ನಾಳೆ ಹೋಗ್ತೈತೋ ಹೇಳಕ್ಕಾಗಲ್ಲ ಸರ್. ಮೊದ್ಲು ಯಾವ ಫೋಲ್ಡರ್ ತೆಗೀಲಿ?’ ಎಂದ. ಎಲ್ಲವೂ ಬೇಕಪ್ಪ ಎಂದೆ. ಅವನು ನಗಲಿಲ್ಲ. ‘ಎಲ್ಲಾನೂ ಬೇಕು ಅಂತ ಎಲ್ರೂ ಅಂತಾರೆ ಸರ್. ಇದ್ರಾಗೆ ಹೋದ್ರೆ ಅಳೋವಂಥದ್ದು ಎಷ್ಟೈತೆ, ಅಷ್ಟು ಹೇಳ್ರಿ.’

ಇಪ್ಪತ್ತೈದು ದಾಟಿರದ ಹುಡುಗ, ಕೈಯಲ್ಲೊಂದು ಸ್ಕ್ರೂಡ್ರೈವರ್. ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಲೆಕ್ಕ ಹಾಕಿದೆ. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸದಲ್ಲಿದ್ದಾಗ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಧ್ವನಿಮುದ್ರಿಸಿದ ಭಜನೆ, ಸೋಬಾನೆ ಪದ, ಕಂಪನಿ ನಾಟಕಗಳ ಕ್ಯಾಸೆಟ್ಟುಗಳು 140. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಸಂಕುಚಿತಗೊಳಿಸದೆ ಸಿ.ಡಿ. ಗುಣಮಟ್ಟದಲ್ಲಿ ಇಳಿಸಿಕೊಂಡರೆ ಸುಮಾರು 900 ಎಂಬಿ, ಅಂದರೆ ಒಟ್ಟು 126 ಜಿಬಿ. ತಂಗಿಯ ಮದುವೆಯಿಂದ ಹಿಡಿದು ಮಗನ ಜವಳದವರೆಗಿನ ಮಿನಿ ಡಿವಿ ವಿಡಿಯೋ ಟೇಪುಗಳು 22. ಒಂದು ಗಂಟೆಯ ಟೇಪಿಗೆ 13 ಜಿಬಿ, ಒಟ್ಟು 286. ಫೋಟೋಗಳು ಹತ್ತಿರ ಹತ್ತಿರ 90. ಎಲ್ಲ ಸೇರಿ 500 ಜಿಬಿ. ಮಿಕ್ಕ ಮೂರು ಟಿಬಿ ನಾನು ಹತ್ತು ವರ್ಷ ಕೂಡಿಟ್ಟು, ಹೆಚ್ಚಿನದನ್ನು ಒಮ್ಮೆಯೂ ನೋಡಿರದ ಸಿನಿಮಾ ಮತ್ತು ಧಾರಾವಾಹಿಗಳು. ‘ಅಪ್ಪ ಅಂತ ಒಂದು ಫೋಲ್ಡರ್ ಇದೆ, ಅದನ್ನು ಮೊದಲು ತೆಗಿ’ ಎಂದೆ. ಅದು ಬಂತು, ಟೇಪುಗಳು ಬಂದವು, ಫೋಟೋಗಳು ಬಂದವು. ಸಿನಿಮಾಗಳು ಬರತೊಡಗಿದ ಸ್ವಲ್ಪ ಹೊತ್ತಿಗೆ ಡಿಸ್ಕ್ ಪೂರ್ತಿ ನಿಂತಿತು. ನನಗೆ ಏನೂ ಅನ್ನಿಸದಿದ್ದುದೇ ನನಗೆ ಆಶ್ಚರ್ಯವಾಗಿತ್ತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ಕ್ಯಾಸೆಟ್ಟುಗಳನ್ನು ಇನ್ನೂರಕ್ಕೂ ಹೆಚ್ಚು ಗಂಟೆ ಕೂತು ಕಂಪ್ಯೂಟರಿಗೆ ಇಳಿಸಿದ ಮೇಲೆ, ಇನ್ನೇನು ಭಯ ಎಂಬ ಧೈರ್ಯದಿಂದ, ವಿನೋಬನಗರದ ಮನೆಗೆ ಬರುವಾಗ ಮೂಲ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದವನು ನಾನೇ. ಪ್ರತಿ ಕ್ಯಾಸೆಟ್ಟಿನ ಮೊದಲ ಮಗ್ಗುಲಿನ ಕೊನೆಗೆ ಅಪ್ಪ ಗಂಟಲು ಸರಿಮಾಡಿಕೊಂಡು ‘ಇಲ್ಲಿಗೆ ಮೊದಲನೇ ಮಗ್ಗುಲು ಮುಗಿಯಿತು’ ಎಂದು ಹೇಳುತ್ತಾರೆ. ಅಪ್ಪ ಹೋಗಿ ಒಂಬತ್ತು ವರ್ಷವಾದ ಮೇಲೆ, ಆ ಒಂದು ವಾಕ್ಯ ನಮ್ಮ ಇಡೀ ಮನೆಯಲ್ಲಿ ಒಂದೇ ಒಂದು ಯಂತ್ರದಲ್ಲಿ ಉಳಿದುಕೊಂಡಿತ್ತು.

ಮನೆಗೆ ಬಂದು ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ. ‘ಈಗ ಎಷ್ಟು ಟಿಬಿ ಇದೆ ಭಾವ?’ ಎಂದು ಸ್ಪೀಕರಿನಲ್ಲಿ ಅವನು ಕೇಳಿದ್ದೇ ತಡ, ಒಳಗಿನಿಂದ ಅಮ್ಮ ಗಾಬರಿಯಾಗಿ ‘ಯಾರಿಗೋ ಟಿಬಿ?’ ಎಂದರು. ಅವನ ಸಲಹೆ ನಾಲ್ಕು ಬೇಗಳ (ಡಿಸ್ಕ್ ಕೂರಿಸುವ ಗೂಡುಗಳ) ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕುಗಳ ಪೆಟ್ಟಿಗೆ, ಅದರಲ್ಲಿ ರೇಡ್ 5 ಎಂಬ ಜೋಡಣೆ: ನಾಲ್ಕು ಡಿಸ್ಕುಗಳಲ್ಲಿ ಒಂದು ಸತ್ತರೂ ಮಾಹಿತಿ ಉಳಿಯುತ್ತದೆ, ಮೂರು ಡಿಸ್ಕುಗಳಷ್ಟು ಜಾಗ ಸಿಗುತ್ತದೆ. ಹೇಳಿದ್ದು ಸರಿಯೇ. ಆದರೆ ಅವನು ಪ್ರಶ್ನೆಯನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಜಾಯಮಾನದವನಲ್ಲ. ಒಂದು ಕಟ್ಟು ಸೊಪ್ಪಿಗೆ ಲಾರಿ ಗೊತ್ತು ಮಾಡುವ ಒಳ್ಳೆಯ ಮನುಷ್ಯ. ಅವನು ಎಷ್ಟು ಕೂಡಿಡಬಹುದು ಎಂದು ಕೇಳಿದ. ಅಂಗಡಿಯ ಹುಡುಗ ಯಾವುದು ಹೋಗಬಾರದು ಎಂದು ಕೇಳಿದ್ದ. ಹೋದರೆ ಅಳೋವಂಥದ್ದು ಎಷ್ಟೈತೆ ಎಂಬ ಆ ಮಾತು ತಲೆಯಲ್ಲಿದ್ದುದರಿಂದ ಎರಡೇ ಬೇಗಳ ಸಾಧಾರಣ ಪೆಟ್ಟಿಗೆ ಸಾಕೆನಿಸಿತು. ಎರಡು ಡಿಸ್ಕುಗಳಿಗೂ ಒಂದನ್ನೇ ಬರೆಯುವ ರೇಡ್ 1. ಟಿವಿ ನನ್ನ ಕಡತಗಳನ್ನು ಹಾಗೆಯೇ ಓದುವುದರಿಂದ, ವಿಡಿಯೋವನ್ನು ಆಡಿಸುತ್ತಲೇ ಬೇರೆ ರೂಪಕ್ಕೆ ಪರಿವರ್ತಿಸುವ ದುಬಾರಿ ಪ್ರೊಸೆಸರ್ ಕೂಡ ಬೇಕಿರಲಿಲ್ಲ.

ಡಿಸ್ಕ್ ಆರಿಸುವಾಗ ಹುಡುಗ ಹಂಚಿನ ಮನೆಯ ಉದಾಹರಣೆ ಕೊಟ್ಟ. ಎಸ್‌ಎಂಆರ್ ಎಂಬ ಬಗೆಯಲ್ಲಿ ಬರವಣಿಗೆಯ ಸಾಲುಗಳು ಹಂಚಿನಂತೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹಾಯ್ದಿರುತ್ತವೆ. ನಡುವಿನ ಒಂದು ಹಂಚನ್ನು ಬದಲಿಸಬೇಕಾದರೆ ಅದರ ಮೇಲೆ ಹಾಯ್ದವನ್ನೂ ಎತ್ತಿ ಮತ್ತೆ ಹೊದಿಸಬೇಕು. ಒಂದು ಡಿಸ್ಕ್ ಕೆಟ್ಟು, ಹೊಸದನ್ನು ಹಾಕಿ ಜೋಡಿಯನ್ನು ಮತ್ತೆ ಕಟ್ಟುವಾಗ ಇದು ವಿಪರೀತ ನಿಧಾನವಾಗುತ್ತದೆ. ಆದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟು, ಸಾಲುಗಳು ಹೀಗೆ ಒಂದರ ಮೇಲೊಂದು ಹಾಯದ ಸಿಎಂಆರ್ ಬಗೆಯನ್ನೇ ತಂದೆ. ಕರೆಂಟು ಹೋದಾಗ ಪೆಟ್ಟಿಗೆ ತಾನಾಗಿಯೇ ಕ್ರಮವಾಗಿ ಮಲಗುವಂತೆ ಯುಎಸ್‌ಬಿ ತಂತಿಯಿರುವ ಯುಪಿಎಸ್ ಕೂಡ ತಂದೆ. ರೌಟರ್ ಬಗ್ಗೆ ಮಾತ್ರ ಇಬ್ಬರೂ ಯೋಚಿಸಿರಲಿಲ್ಲ. ನಮ್ಮದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಪೋರ್ಟಿನ ಹಳೆಯದು. ಸೆಕೆಂಡಿಗೆ 11-12 ಎಂಬಿಗಿಂತ ಹೆಚ್ಚು ಸಾಗಲಿಲ್ಲ. ಗಿಗಾಬಿಟ್ ರೌಟರಿನಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿಯಬೇಕಾದ ಆ 500 ಜಿಬಿಯ ನಕಲು ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಿಗ್ಗೆ ಒಂಬತ್ತಕ್ಕೆ ಮುಗಿಯಿತು.

ಹಣ ಎಣಿಸಿಕೊಳ್ಳುತ್ತ ಹುಡುಗ ಇನ್ನೊಂದು ಮಾತು ಹೇಳಿದ್ದ: ‘ಸರ್, ಇದು ಬ್ಯಾಕಪ್ ಅಲ್ಲ ಮತ್ತೆ.’ ಎರಡು ಡಿಸ್ಕ್ ಇರುವಾಗ ಬ್ಯಾಕಪ್ ಹೇಗಲ್ಲ ಎಂದು ವಾದಿಸಿದೆ. ನೀವು ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಗಳಿಗೆಯಲ್ಲಿ ಅಳಿಯುತ್ತದೆ, ಕಳ್ಳ ಬಂದರೆ ಎರಡನ್ನೂ ಒಟ್ಟಿಗೇ ಒಯ್ಯುತ್ತಾನೆ ಎಂದ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಹೇಳುವುದೂ ಇದನ್ನೇ: ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದು ಪ್ರತಿ ಮನೆಯಿಂದಾಚೆ ಇರಲಿ.

ಅದನ್ನು ಓದುವಾಗ ನನಗೆ ನೆನಪಾದದ್ದು ಹೊಳಲ್ಕೆರೆಯ ಅತ್ತೆ. ಅಪ್ಪ ತಮ್ಮ ಪ್ರತಿ ಕ್ಯಾಸೆಟ್ಟಿನ ನಕಲೊಂದನ್ನು ಮಾಡಿ, ಹಬ್ಬಕ್ಕೆ ಹೋದಾಗ ತಂಗಿಯ ಮನೆಯಲ್ಲಿಟ್ಟು ಬರುತ್ತಿದ್ದರು. ಇದು ದುಂದುವೆಚ್ಚವೆಂದು ಅಮ್ಮ ಮಾತ್ರವಲ್ಲ, ದೊಡ್ಡವನಾದ ಮೇಲೆ ನಾನೂ ಗೊಣಗಿದ್ದುಂಟು. ನಮ್ಮ ಮನೆಯ ಹನ್ನೊಂದು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಾಗ, ಇಳಿಸಿಕೊಳ್ಳಲು ಒದಗಿದ್ದು ಅತ್ತೆಯ ಪ್ರತಿಗಳೇ. ಕಂಪ್ಯೂಟರನ್ನು ಮುಟ್ಟದ ಅಪ್ಪನಿಗೆ ತಿಳಿದಿದ್ದುದನ್ನು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಾನು ಆ ಹುಡುಗನಿಂದ ಹೇಳಿಸಿಕೊಳ್ಳಬೇಕಾಯಿತು.

ಭಾನುವಾರ ಆ 500 ಜಿಬಿಯನ್ನು ಒಂದು ಪುಟ್ಟ ಡಿಸ್ಕಿಗೆ ತುಂಬಿಕೊಂಡು ಹೊಳಲ್ಕೆರೆಗೆ ಹೋದೆ. ಅತ್ತೆ ಅದನ್ನು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿ, ಹಳೆಯ ಪಂಚೆಯಲ್ಲಿ ಸುತ್ತಿ, ಕ್ಯಾಸೆಟ್ಟುಗಳಿದ್ದ ಟ್ರಂಕಿನೊಳಗೆ ಇಟ್ಟರು. ‘ನಿಮ್ಮಪ್ಪನೂ ಹಿಂಗೇ ತಂದು ತಂದು ಇಡ್ತಿದ್ದ. ಅದಿರಲಿ, ಇದನ್ನ ಯಾವುದ್ರಾಗೆ ಹಾಕಿದ್ರೆ ಹಾಡ್ತೈತೆ?’ ಎಂದು ಕೇಳಿದರು. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮುಂದಿನ ಸಲ ಟಿವಿಗೆ ಸಿಕ್ಕಿಸುವ ಪೆನ್ ಡ್ರೈವಿನಲ್ಲಿ ಅಪ್ಪನ ನಾಟಕಗಳನ್ನು ಹಾಕಿಕೊಂಡು ಬರುತ್ತೇನೆಂದು ಹೇಳಿ ಸಂಜೆಯ ಬಸ್ಸು ಹಿಡಿದೆ.