2025 ಮೇ 11, ಭಾನುವಾರ: ಉಪ್ಪಾದ ಬಾವಿ, ಡಿಸ್ಕಸ್ ತೊಟ್ಟಿ

ಕುಂಬಳೆ, ಬೆಳಿಗ್ಗೆ ಏಳೂವರೆ. ಡಿಸ್ಕಸ್ ಎಂಬ ಸಿಹಿನೀರಿನ ಅಲಂಕಾರ ಮೀನಿನ ತೊಟ್ಟಿಗೆ ಇವತ್ತು ಆರ್‌ಓ ಜೋಡಿಸುವುದು. ಅದು ನೀರನ್ನು ಒತ್ತಡದಲ್ಲಿ ಮೆಂಬ್ರೇನ್ ಎಂಬ ಪೊರೆಯಿಂದ ದಾಟಿಸಿ ಉಪ್ಪು ಬೇರ್ಪಡಿಸುವ ಯಂತ್ರ; ಒಳ್ಳೆ ನೀರು ಒಂದು ಪೈಪಿಗೆ, ತಡೆದ ಉಪ್ಪಿನ ನೀರು ವೇಸ್ಟ್ ಪೈಪಿಗೆ. ಆಗಷ್ಟೇ ಸೇದಿದ ಕೊಡಪಾನದ ನೀರಿಗೆ ಮೀಟರ್ ಅದ್ದಿದರೆ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣ, 640 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ನಾಲಗೆಗೂ ಸಣ್ಣಗೆ ಉಪ್ಪು ಹತ್ತುತ್ತದೆ. ಮಳೆಗಾಲದಲ್ಲಿ ಇದೇ ಬಾವಿ ನೂರರ ಒಳಗಿರುತ್ತದೆ. ಹೊಳೆಯಲ್ಲಿ ಸಿಹಿನೀರಿನ ಹರಿವು ನಿಂತ ಮೇಲೆ ಉಬ್ಬರದ ಹೊತ್ತಿಗೆ ಕಡಲ ನೀರು ಮೇಲಕ್ಕೆ ಹತ್ತುತ್ತದೆ, ದಡದ ಬಾವಿಗಳಿಗೆ ಒಳಗಿಂದೊಳಗೇ ಒಸರುತ್ತದೆ. ಬಾವಿಕ್ಕೆರೆಯಲ್ಲಿ ಉಪ್ಪುನೀರು ತಡೆಯುವ ಅಡ್ಡಕಟ್ಟ ಆಗುವ ಮೊದಲು ಕಾಸರಗೋಡು ಪೇಟೆಯ ನಲ್ಲಿಯಲ್ಲೂ ಬೇಸಿಗೆಗೆ ಇದೇ ಪಾಡು.

ಈ ಮೀಟರಿಗೆ ಇನ್ನೂರು ಚಿಲ್ಲರೆ ರೂಪಾಯಿ. ಆರ್‌ಓ ಕೊಳ್ಳುವ ಮೊದಲು ಇದನ್ನು ಕೊಳ್ಳಬೇಕು. ಬದಿಯಡ್ಕ, ಪೆರ್ಲ, ಬಾಯಾರು ಕಡೆಯ ಮುರಕಲ್ಲಿನ ಬಾವಿಗಳು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಹೆಚ್ಚಾಗಿ ಮೊದಲೇ ಮೆದು (ಸುಣ್ಣದಂಶ ಕಡಿಮೆ), ಸ್ವಲ್ಪ ಹುಳಿ. ಮೀಟರ್ ನೂರರ ಕೆಳಗೆ ತೋರಿಸುವ ಮನೆಯವರು ಸಿಹಿನೀರಿನ ಮೀನಿಗೆಂದು ಆರ್‌ಓ ಹಾಕಿಸಿದರೆ ದುಡ್ಡು ದಂಡ. ಅಲ್ಲಿ ಬೇಕಾದ್ದು ನೀರಿಗೆ ಒಂದು ರಾತ್ರಿ ಗಾಳಿ ಬಿಡುವುದು, ತೊಟ್ಟಿಯ ಫಿಲ್ಟರಿನೊಳಗೆ ಒಂದು ಹಿಡಿ ತೊಳೆದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು, ಅಷ್ಟೇ. ಕರಾವಳಿಯಲ್ಲೂ ಗಪ್ಪಿ, ಮೋಲಿ ಸಾಕುವವರಿಗೆ 640 ಏನೂ ಅಲ್ಲ. ಮೋಲಿ ಅಳಿವೆಯ ನೀರಲ್ಲೂ ಬದುಕುವ ಮೀನು. ಇಲ್ಲಿರುವುದು ಡಿಸ್ಕಸ್. ಅದರ ತವರು ಅಮೆಜಾನಿನ ಮೆದು ನೀರು. ಹಾಗಾಗಿ ಇಲ್ಲಿ ಆರ್‌ಓ ಬೇಕು.

ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ಲೆಕ್ಕ ಹಾಕಿದರೆ 255 ಲೀಟರ್. ವಾರಕ್ಕೆ ಮೂರನೇ ಒಂದಂಶ ಬದಲಿಸುವುದಾದರೆ 80 ಲೀಟರ್. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಧಾರಾಳ ಸಾಕು. ಆ ಲೆಕ್ಕ ಅಮೆರಿಕದ ಗ್ಯಾಲನ್ನಿನದು, ದಿನಕ್ಕೆ 284 ಲೀಟರ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 12. ಆದರೆ ಅದು 25 ಡಿಗ್ರಿ ಬಿಸಿ, 50–60 ಪಿಎಸ್‌ಐ ಒತ್ತಡ ಇದ್ದರೆ ಸಿಗುವ ನೀರು. ಬಿಸಿಯ ಚಿಂತೆ ನಮ್ಮಲ್ಲಿಲ್ಲ. ನೀರು ಒಂದು ಡಿಗ್ರಿ ಬಿಸಿಯಾದರೆ ಹರಿವು ಸುಮಾರು ಶೇ. 3 ಹೆಚ್ಚುತ್ತದೆ. ಸಿಕ್ಕಿಬೀಳುವುದು ಒತ್ತಡದಲ್ಲಿ.

ತಾರಸಿಯ ಟಾಂಕಿ ಫಿಲ್ಟರಿಗಿಂತ 5 ಮೀಟರ್ ಮೇಲಿದೆ. ಸಿಗುವ ಒತ್ತಡ ಅರ್ಧ ಬಾರ್, 7 ಪಿಎಸ್‌ಐ. ಕರಗಿದ ಉಪ್ಪು ತಿರುಗಿ ಒತ್ತುವ ಬಲ 100 ಪಿಪಿಎಂಗೆ ಸುಮಾರು 1 ಪಿಎಸ್‌ಐ. 640ಕ್ಕೆ ಅದೇ ಆರೂವರೆ ಆಯಿತು. ಟಾಂಕಿ ತಳ್ಳುತ್ತದೆ, ಉಪ್ಪು ತಡೆಯುತ್ತದೆ, ಎರಡೂ ಸರಿಸಮ. 'ಆರ್‌ಓ ಹಾಕಿದ್ದೇವೆ, ಒಳ್ಳೆ ನೀರು ತೊಟ್ಟಿಕ್ಕುವುದೂ ಇಲ್ಲ, ಎಲ್ಲ ವೇಸ್ಟ್ ಪೈಪಿಗೇ ಹೋಗುತ್ತದೆ' ಎಂಬ ದೂರಿಗೆ ಮುಕ್ಕಾಲು ಪಾಲು ಕಾರಣ ಇದೇ. ಮೆಂಬ್ರೇನ್ ಬದಲಿಸಿ ಪ್ರಯೋಜನವಿಲ್ಲ. ಒತ್ತಡ ಏರಿಸುವ 24 ವೋಲ್ಟಿನ ಬೂಸ್ಟರ್ ಪಂಪ್ ಹಾಕಲೇಬೇಕು.

ಜೋಡಿಸಿದ ಕ್ರಮ: ಅರ್ಧ ಇಂಚಿನ ಲೈನಿನಿಂದ ಪ್ರತ್ಯೇಕ ಬಾಲ್ ವಾಲ್ವ್, ಅಲ್ಲಿಂದ ಕಾಲಿಂಚಿನ ಪೈಪು, ಮರಳು, ಕೆಸರು ಹಿಡಿಯುವ 5 ಮೈಕ್ರಾನ್ ಸ್ಪನ್ ಫಿಲ್ಟರ್, ನೀರು ಬಾರದಿದ್ದರೆ ಪಂಪ್ ನಿಲ್ಲಿಸುವ ಲೋ ಪ್ರೆಶರ್ ಸ್ವಿಚ್, ಪಂಪ್ ನಿಂತಾಗ ನೀರು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಪಂಪ್, ಕಾರ್ಬನ್ ಬ್ಲಾಕ್, ಮೆಂಬ್ರೇನ್, ನೀರು ಹಿಂದಕ್ಕೆ ಬಾರದಂತೆ ಚೆಕ್ ವಾಲ್ವ್, ಡ್ರಮ್ ತುಂಬಿದಾಗ ಪಂಪ್ ನಿಲ್ಲಿಸುವ ಹೈ ಪ್ರೆಶರ್ ಸ್ವಿಚ್, ಕೊನೆಗೆ 100 ಲೀಟರ್ ಡ್ರಮ್ಮಿನ ಫ್ಲೋಟ್ ವಾಲ್ವ್. ಸ್ಪನ್ ಫಿಲ್ಟರ್ ಪಂಪಿಗಿಂತ ಮೊದಲೇ ಇರಬೇಕು. ಬಾವಿಯ ಮರಳಿನ ಒಂದು ಕಾಳು ಪಂಪಿನೊಳಗಿನ ರಬ್ಬರ್ ವಾಲ್ವಿಗೆ ಕೂತರೆ ಸದ್ದು ಬರುತ್ತದೆ, ಒತ್ತಡ ಬರುವುದಿಲ್ಲ. ಸೊಲೆನಾಯ್ಡ್ ಬೇಡವೆಂದು ಉಳಿಸಿದರೆ ಪಂಪ್ ನಿಂತ ಮೇಲೂ ಟಾಂಕಿಯ ನೀರು ಹಗಲಿರುಳು ವೇಸ್ಟಿಗೆ ಇಳಿಯುತ್ತಿರುತ್ತದೆ. ಟಾಂಕಿ ತೀರ ತಗ್ಗಿನಲ್ಲಿದ್ದರೆ ಲೋ ಪ್ರೆಶರ್ ಸ್ವಿಚ್ಚಿಗೆ ಒತ್ತಡ ಸಾಲದೆ ಪಂಪ್ ಹತ್ತುವುದೇ ಇಲ್ಲ. ಪಂಪ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಅದನ್ನು ನೋಡಿಕೊಳ್ಳಬೇಕು.

ಪೈಪನ್ನು ಕತ್ತರಿಯಿಂದ ಕತ್ತರಿಸಬಾರದು. ಬಾಯಿ ಚಪ್ಪಟೆಯಾಗುತ್ತದೆ, ಓರೆಯಾಗುತ್ತದೆ, ಪೈಪನ್ನು ಒತ್ತಿ ಕೂರಿಸುವ ಪುಶ್ ಫಿಟ್ಟಿಂಗಿನ ಓ-ರಿಂಗ್ (ರಬ್ಬರ್ ಉಂಗುರ) ಒಂದು ಬದಿ ಹಿಡಿಯುವುದಿಲ್ಲ. ಹೊಸ ಬ್ಲೇಡಿನಲ್ಲಿ ನೇರ ಕತ್ತರಿಸಿ, ಒಳಗೆ ತಡೆ ಸಿಗುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆಳೆದು ನೋಡಿ, ಕ್ಲಿಪ್ ಹಾಕಬೇಕು. ಫಿಲ್ಟರ್ ಕೂರುವ ಹೌಸಿಂಗಿನ ಓ-ರಿಂಗಿಗೆ ಸಿಲಿಕೋನ್ ಗ್ರೀಸ್. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ, ಮುಂದಿನ ಸಲ ಬಿಚ್ಚುವಾಗ ಕೂತಲ್ಲಿ ಕೂರುವುದಿಲ್ಲ.

ಮೆಂಬ್ರೇನನ್ನು ಕೊನೆಗೆ ಹಾಕುವುದು. ಮೊದಲು ಕಾರ್ಬನ್ನಿನಿಂದ ಹತ್ತು ಲೀಟರ್ ನೀರು ಬಕೆಟಿಗೆ ಬಿಟ್ಟೆವು. ಮೊದಲೆರಡು ಲೀಟರ್ ಮಸಿ ತೊಳೆದ ಹಾಗೆ. ಆ ಪುಡಿ ಮೆಂಬ್ರೇನಿಗೆ ಹೋದರೆ ಮೊದಲ ದಿನವೇ ಅರ್ಧ ಕಟ್ಟಿಕೊಳ್ಳುತ್ತದೆ. ಮೆಂಬ್ರೇನಿನ ಒಂದು ತುದಿಯಲ್ಲಿ ಸಪುರ ನಳಿಗೆ, ಅದಕ್ಕೆ ಎರಡು ಸಣ್ಣ ಓ-ರಿಂಗ್. ಇನ್ನೊಂದು ತುದಿಯಲ್ಲಿ ಅಗಲದ ರಬ್ಬರ್ ಬಳೆ. ನಳಿಗೆಯ ತುದಿ ಮೊದಲು ಒಳಗೆ. ಬಳೆ ಮುಚ್ಚಳದ ಕಡೆಗೆ. ಓ-ರಿಂಗನ್ನು ನೀರಲ್ಲಿ ಒದ್ದೆ ಮಾಡಿ, ಸ್ವಲ್ಪ ತಿರುಗಿಸುತ್ತಾ ಒತ್ತಿದರೆ ಕೊನೆಯ ಅರ್ಧ ಇಂಚಿನಲ್ಲಿ ಬಿಗಿ ಸಿಗುತ್ತದೆ, ಆಮೇಲೆ 'ಟಪ್' ಎಂದು ಕೂರುತ್ತದೆ. ಆ ಬಿಗಿ ಸಿಗುವ ಮೊದಲೇ ಮುಚ್ಚಳ ತಿರುಗಿಸಿದರೆ ಬಾವಿಯ ನೀರೇ ಪಕ್ಕದಿಂದ ನುಸುಳಿ ಒಳ್ಳೆ ನೀರಿನ ಪೈಪಿಗೆ ಬರುತ್ತದೆ. ಹೊಸ ಮೆಂಬ್ರೇನ್ 640ನ್ನು 400 ಮಾತ್ರ ಮಾಡಿದರೆ ಅಂಗಡಿಗೆ ಓಡುವ ಮೊದಲು ಇದನ್ನು ತೆಗೆದು ಮತ್ತೆ ಕೂರಿಸಿ ನೋಡಬೇಕು.

ಹನ್ನೊಂದು ಗಂಟೆಗೆ ಪಂಪ್ ಹತ್ತಿಸಿ ಎರಡು ಗಂಟೆ ಬಂದ ನೀರನ್ನೆಲ್ಲ ಚೆಲ್ಲಿದ್ದು. ಮೆಂಬ್ರೇನನ್ನು ಕೆಡದಂತೆ ಇಡುವ ರಾಸಾಯನಿಕ ಅದರಲ್ಲಿರುತ್ತದೆ, ಮೀನಿಗೆ ಆಗದು. ಆಮೇಲೆ ಅಳತೆ: ಒಂದು ನಿಮಿಷಕ್ಕೆ ಒಳ್ಳೆ ನೀರು 200 ಮಿಲಿ, ವೇಸ್ಟ್ 600 ಮಿಲಿ. ಒಂದಕ್ಕೆ ಮೂರು, ಸರಿ ಇದೆ. ವೇಸ್ಟ್ ಪೈಪಿನ ಹರಿವನ್ನು ಕಟ್ಟಿಹಿಡಿಯುವ ಫ್ಲೋ ರೆಸ್ಟ್ರಿಕ್ಟರಿನ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಕೂರಬಾರದು, ಒತ್ತಡ ಬದಲಾದರೆ ಹರಿವೂ ಬದಲು. ಮಗ್ಗು, ಗಡಿಯಾರ ಇದ್ದರೆ ಸಾಕು. ನೀರು ಉಳಿಸುತ್ತೇವೆಂದು ವೇಸ್ಟನ್ನು ಒಂದಕ್ಕೊಂದು ಮಾಡಿದರೆ ಉಪ್ಪು, ಕಬ್ಬಿಣದ ಕೆಸರು ಮೆಂಬ್ರೇನಿನ ಮೇಲೆಯೇ ಉಳಿಯುತ್ತದೆ.

ಒಳ್ಳೆ ನೀರಿನ ಟಿಡಿಎಸ್ 22. ಶೇ. 96.5 ತಡೆದಿದೆ. ಅರ್ಧ ದಿನ ನಿಂತು ಮತ್ತೆ ಹತ್ತಿದಾಗ ಮೊದಲ ಒಂದೆರಡು ನಿಮಿಷ 80, 100 ತೋರಿಸಬಹುದು; ಪಂಪ್ ನಿಂತಿರುವಾಗ ಉಪ್ಪು ನಿಧಾನಕ್ಕೆ ಆಚೆ ದಾಟಿರುತ್ತದೆ. ಹಾಗಾಗಿ ದಿನಕ್ಕೆ ಹತ್ತು ಸಲ ಹತ್ತಿ ಆರುವುದಕ್ಕಿಂತ ವಾರಕ್ಕೊಮ್ಮೆ ಎಂಟು ಗಂಟೆ ಒಟ್ಟಿಗೆ ಓಡಿಸುವುದು ಒಳ್ಳೆಯದು. ಡ್ರಮ್ ತುಂಬಿದ ಮೇಲೂ ಪಂಪ್ ನಿಮಿಷಕ್ಕೊಮ್ಮೆ ಹತ್ತಿ ಆರುತ್ತಿದ್ದರೆ ತಪ್ಪು ಹೆಚ್ಚಾಗಿ ಚೆಕ್ ವಾಲ್ವಿನದ್ದು.

ಅಡುಗೆಮನೆಯ ಕುಡಿಯುವ ಆರ್‌ಓ ನೀರನ್ನೇ ಮೀನಿಗೆ ತೆಗೆಯುವವರಿದ್ದಾರೆ. ತೆಗೆಯಬಹುದು, ಆದರೆ ಮೆಂಬ್ರೇನಿನ ಬಾಯಿಂದಲೇ ಟೀ (T ಆಕಾರದ ಕವಲು ಫಿಟ್ಟಿಂಗ್) ಹಾಕಿ. ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಬಾವಿಯ ನೀರನ್ನೇ ಹಿಂದಿನಿಂದ ಬೆರೆಸುತ್ತದೆ, ಮಿನರಲ್ ಕಾರ್ಟ್ರಿಡ್ಜ್ ತನಗೆ ತೋಚಿದ್ದು ಸೇರಿಸುತ್ತದೆ. ಮೆಂಬ್ರೇನ್ ದಾಟಿದ ಮೇಲೆ ಹಿತ್ತಾಳೆಯ ನಿಪ್ಪಲ್, ತಾಮ್ರದ ಪಾತ್ರೆ ಬೇಡವೇ ಬೇಡ. ಏನೂ ಇಲ್ಲದ ನೀರು ಲೋಹವನ್ನು ತಿನ್ನುತ್ತದೆ. ತಾಮ್ರಕ್ಕೆ ಮೊದಲು ಸಾಯುವುದು ಸಿಗಡಿ.

ಮೆಂಬ್ರೇನಿನ ಶತ್ರು ಇಲ್ಲಿ ಎರಡು. ಒಂದು ಕಬ್ಬಿಣ: ಬಾವಿನೀರು ಒಂದು ರಾತ್ರಿ ಬಕೆಟಿನಲ್ಲಿ ನಿಂತು ಕೆಂಪು ಕೆನೆ ಕಟ್ಟಿದರೆ, ಅದನ್ನು ಗಾಳಿ ಕೊಟ್ಟು ಇಳಿಸದೆ ಫಿಲ್ಟರಿಗೆ ಬಿಡಬಾರದು. ಹುಳಿ ನೀರಿನಲ್ಲಿ ಕಬ್ಬಿಣ ಬೇಗ ಇಳಿಯುವುದಿಲ್ಲ, ಹಾಗಾಗಿ ಮೊದಲು ಚಿಪ್ಪಿನ ಮೇಲೆ ಹಾಯಿಸುವುದು. ಇನ್ನೊಂದು ಬ್ಲೀಚಿಂಗ್ ಪುಡಿ. ಮಳೆ ಹಿಡಿಯುವ ಹೊತ್ತಿಗೆ ಬಾವಿಗಳಿಗೆಲ್ಲ ಹಾಕುತ್ತಾರೆ, ಹಾಕಬೇಕಾದ್ದೇ. ಆದರೆ ಕ್ಲೋರಿನ್ ಮೆಂಬ್ರೇನನ್ನು ಸುಡುತ್ತದೆ. ಕಾರ್ಬನ್ ಅದಕ್ಕೇ ಇರುವುದು. ಪುಡಿ ಹಾಕಿದ ಮೇಲೆ ಎರಡು ಮೂರು ದಿನ ಪಂಪ್ ಬಂದ್ ಮಾಡುವುದು ಇನ್ನೂ ಕ್ಷೇಮ.

ಡಿಐ ರೆಸಿನ್, ಅಂದರೆ ಉಳಿದ ಲವಣವನ್ನೂ ಹೀರುವ ಕಾಳು, ಡಿಸ್ಕಸ್ಸಿಗೆ ಬೇಡ. ಕಡಲ ಮೀನು, ಹವಳದವರಿಗೆ ಬೇಕು. ಮುರಕಲ್ಲಿನ ಬಾವಿಯವರು 'ಟಿಡಿಎಸ್ ಬರೇ 5, ಆದರೂ ರೆಸಿನ್ ಒಂದೇ ತಿಂಗಳಲ್ಲಿ ಬಣ್ಣ ಬದಲಿಸಿತು' ಎಂದು ತಲೆ ಕೆರೆದುಕೊಳ್ಳುತ್ತಾರೆ. ಅದು ಇಂಗಾಲದ ಡೈ ಆಕ್ಸೈಡ್. ಅನಿಲವಾದ್ದರಿಂದ ಮೆಂಬ್ರೇನನ್ನು ಸಲೀಸಾಗಿ ದಾಟುತ್ತದೆ, ಮೀಟರಿಗೆ ಹೆಚ್ಚು ಕಾಣಿಸುವುದಿಲ್ಲ, ರೆಸಿನ್ನಿಗೆ ಹೋಗಿ ಕೂರುತ್ತದೆ. ಆರ್‌ಓ ನೀರನ್ನು ಡ್ರಮ್ಮಿನಲ್ಲಿ ಹಿಡಿದು, ರಾತ್ರಿಯಿಡೀ ಏರ್ ಸ್ಟೋನ್ ಬಿಟ್ಟು, ಮಾರನೇ ದಿನ ಸಣ್ಣ ಪಂಪಿನಿಂದ ರೆಸಿನ್ ದಾಟಿಸಿದರೆ ಅದೇ ರೆಸಿನ್ ಎಷ್ಟೋ ಹೆಚ್ಚು ಕಾಲ ಬರುತ್ತದೆ.

ಈ 22ರ ನೀರನ್ನು ಹಾಗೇ ತೊಟ್ಟಿಗೆ ಸುರಿಯುವಂತಿಲ್ಲ. ಸುಣ್ಣದಂಶ, ಸೋಡದಂಶ ಎರಡೂ ಇಲ್ಲದೆ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು. 100 ಲೀಟರಿಗೆ ಹಾಕಿದ್ದು: ಜಿಪ್ಸಂ 9 ಗ್ರಾಂ, ಎಪ್ಸಂ ಉಪ್ಪು ನಾಲ್ಕೂವರೆ ಗ್ರಾಂ, ಅಡುಗೆ ಸೋಡ 6 ಗ್ರಾಂ. ಜಿಎಚ್ (ನೀರಿನ ಗಡಸು) 4 ಡಿಗ್ರಿ, ಕೆಎಚ್ (ಪಿಎಚ್ ಹಿಡಿದಿಡುವ ಸೋಡದಂಶ) 2 ಡಿಗ್ರಿ ಬರುತ್ತದೆ. ಮೀಟರ್ 130ರಿಂದ 150ರ ಆಸುಪಾಸು. ಲೆಕ್ಕ ನೆನಪಿಡಲು ಸುಲಭ: 100 ಲೀಟರಿಗೆ ಜಿಎಚ್ ಒಂದು ಡಿಗ್ರಿ ಏರಿಸಲು ಜಿಪ್ಸಂ 3 ಗ್ರಾಂ, ಎಪ್ಸಂ ಆದರೆ 4.4, ಕೆಎಚ್‌ಗೆ ಸೋಡ 3. ಜಿಪ್ಸಂ ಹಟಮಾರಿ. ಲೀಟರಿಗೆ ಎರಡು ಗ್ರಾಂ ಚಿಲ್ಲರೆಗಿಂತ ಹೆಚ್ಚು ಕರಗದು. ಒಂದು ಚೆಂಬಿನಲ್ಲಿ ಕಲಸಿದರೆ ತಳದಲ್ಲಿ ಬೆಳ್ಳಗೆ ಕೂರುತ್ತದೆ. ಐದಾರು ಲೀಟರಿನ ಬಕೆಟಿನಲ್ಲಿ ಕಲಸಿ ಡ್ರಮ್ಮಿಗೆ ಸುರಿದು ಗಾಳಿ ಬಿಡಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಇದಕ್ಕೆ ಆಗದು. ಡ್ರಮ್ಮಿಗೆ ಮುಚ್ಚಳ, ಪೈಪು ಹೋಗುವ ತೂತಿಗೆ ಬಲೆ: ಸೊಳ್ಳೆ ಮೊಟ್ಟೆಯಿಡಲು ಇಂಥ ನೀರನ್ನೇ ಹುಡುಕುತ್ತದೆ.

ವೇಸ್ಟ್ ನೀರು ಈಗ 850 ತೋರಿಸುತ್ತದೆ. ತೆಂಗಿನ ಬುಡಕ್ಕೆ ಬಿಟ್ಟಿದೆ, ತೆಂಗು ತಡೆದುಕೊಳ್ಳುತ್ತದೆ. ಒಳ್ಳೆಮೆಣಸಿನ ಬಳ್ಳಿಗೆ, ಅಡಕೆ ಸಸಿಗೆ ಬೇಡ. ಚರಂಡಿಗೆ ಬಿಡುವುದಾದರೆ ವೇಸ್ಟ್ ಪೈಪಿನ ತುದಿ ಅದರ ನೀರಿಗೆ ಮುಳುಗದೆ ಎರಡು ಇಂಚು ಮೇಲೆ ನಿಲ್ಲಬೇಕು.

ಸಂಜೆ ಆರು. ಮೆಷಿನಿನ ಅಡಿಯಲ್ಲಿ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಒಣ ಪತ್ರಿಕೆ ಹಾಸಿದೆ. ಬೆಳಿಗ್ಗೆ ಒದ್ದೆ ಕಂಡರೆ ಸೋರುವ ಜಾಗ ಮೇಲಕ್ಕೆ ಹುಡುಕುವುದು. ಸಿಡಿಲು ಕೇಳಿದ ಕೂಡಲೇ ಅಡಾಪ್ಟರ್ ಪ್ಲಗ್ಗಿನಿಂದ ಹೊರಗೆ. ಜೂನಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂದ ಮೇಲೆ ಬಾವಿಗೆ ಮತ್ತೆ ಮೀಟರ್ ಅದ್ದಬೇಕು. 100ರ ಕೆಳಗೆ ಇಳಿದಿದ್ದರೆ ಮೆಷಿನ್ ನಿಲ್ಲಿಸಬಹುದು, ಆದರೆ ವಾರಕ್ಕೊಮ್ಮೆ ಕಾಲು ಗಂಟೆ ಓಡಿಸಬೇಕು. ಅದೂ ಆಗದಿದ್ದರೆ ಮೆಂಬ್ರೇನ್ ತೆಗೆದು, ಒಂದು ಲೀಟರ್ ಆರ್‌ಓ ನೀರಿಗೆ 10 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿ, ಅದರಲ್ಲಿ ಮುಳುಗಿಸಿ ಗಾಳಿಯಾಡದ ಚೀಲದಲ್ಲಿ ಫ್ರಿಜ್ಜಿನ ಕೆಳಗಿನ ಖಾನೆಗೆ. ಫ್ರೀಜರಿಗೆ ಅಲ್ಲ. ಒಮ್ಮೆ ಒಣಗಿದ ಮೆಂಬ್ರೇನ್ ಮತ್ತೆ ಮೊದಲಿನ ಹಾಗೆ ನೀರು ಬಿಡುವುದಿಲ್ಲ.