ಏಳನೆಯ ಸ್ಪಾಟರ್

ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಬೋಧಿಸಲು ಆರಂಭಿಸಿ ಹದಿನಾಲ್ಕು ವರ್ಷಗಳಾದವು. ಕಳೆದ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಯ ಏಳನೆಯ ಸ್ಪಾಟರ್ (ನೋಡಿ ಗುರುತಿಸಲೆಂದು ಇಟ್ಟ ಮಾದರಿ) ನನ್ನನ್ನು ಇನ್ನೂ ಚುಚ್ಚುತ್ತಿದೆ. ಒಣಗಿಸಿಟ್ಟ ಒಂದು ಕಾಲು, ಜೊತೆಗೊಂದು ಕಪ್ಪು ಗರಿ. ಸ್ಟಾಕ್ ರಿಜಿಸ್ಟರಿನಲ್ಲಿ ‘ಎಮು’ ಎಂದು ನಮೂದಾಗಿತ್ತು.

ಮದ್ದೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಕ್ಯಾಸೊವರಿ, ಅಂದರೆ ಎಮುವಿನಂತೆಯೇ ಹಾರಲಾರದ ಇನ್ನೊಂದು ದೊಡ್ಡ ಹಕ್ಕಿ, ಎಂದಳು. ನಾನು ಗರಿಯನ್ನೆತ್ತಿ, ಒಂದೇ ಬುಡದಿಂದ ಹೊರಟ ಸಮ ಉದ್ದದ ಎರಡು ದಂಡಗಳನ್ನು ತೋರಿಸಿ, ಇದು ಎಮುವಿನ ಲಕ್ಷಣವಲ್ಲವೇ ಎಂದು ಕೇಳಿದೆ. “ಸರ್, ನಮ್ಮ ದೊಡ್ಡಪ್ಪ ಎಮು ಸಾಕಿದ್ರು. ಅವುಗಳ ಒಳಬೆರಳಿಗೆ ಇಂಥ ಉಗುರು ಇರಲಿಲ್ಲ” ಎಂದಳು. “ರೆಕಾರ್ಡಿನಲ್ಲಿ ಬರೆದಿರುವುದನ್ನು ಹೇಳಮ್ಮ” ಎಂದು ಗದರಿ, ಸೊನ್ನೆ ಹಾಕಿಬಿಟ್ಟೆ.

ಹೊರಗಿನಿಂದ ಪರೀಕ್ಷಕರಾಗಿ ಬಂದಿದ್ದ ಎಕ್ಸ್‌ಟರ್ನಲ್ ಮೇಡಂ ಏನೂ ಹೇಳದೆ ಕಾಲನ್ನು ಹೊರಳಿಸಿ, ಅಟೆಂಡರ್ ಬಳಿ ಸ್ಕೇಲ್ ಕೇಳಿದರು. ಅಟೆಂಡರ್ ಡ್ರಾಯರುಗಳನ್ನು ಒಂದೊಂದಾಗಿ ಎಳೆಯುತ್ತಿದ್ದಷ್ಟು ಹೊತ್ತೂ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಮಾತ್ರ ಆ ಉಗುರು ಆಗಲೇ ಮೊದಲ ಬಾರಿಗೆ ಕಂಡಿತು. ಕಠಾರಿಯಂತೆ ನೇರವಾಗಿ, ಬುಡದಲ್ಲಿ ದಪ್ಪವಾಗಿ, ಪಕ್ಕದ ಎರಡು ಉಗುರುಗಳಿಗಿಂತ ಎಷ್ಟೋ ಉದ್ದವಾಗಿತ್ತು. ಅಳತೆ 11 ಸೆಂ.ಮೀ. ಬಂತು.

ಜೋಡಿ ದಂಡದ ಗರಿ ಕ್ಯಾಸೊವರಿಗೂ ಉಂಟು. ಆ ಲಕ್ಷಣದಿಂದ ಆಸ್ಟ್ರಿಚ್ ಮತ್ತು ದಕ್ಷಿಣ ಅಮೆರಿಕದ ರಿಯಾಗಳನ್ನು ಬೇರ್ಪಡಿಸಬಹುದೇ ಹೊರತು ಎಮುವನ್ನಲ್ಲ ಎಂಬುದನ್ನು ನಾನು ಮರೆತಿದ್ದೆ. ಆಸ್ಟ್ರಿಚ್‌ಗೆ ಎರಡೇ ಬೆರಳು. ರಿಯಾ, ಎಮು, ಕ್ಯಾಸೊವರಿ ಮೂರಕ್ಕೂ ಮೂರು ಬೆರಳುಗಳಿದ್ದರೂ, ಒಳಬೆರಳಿನಲ್ಲಿ ಕಠಾರಿ ಇರುವುದು ಕ್ಯಾಸೊವರಿಗೆ ಮಾತ್ರ. 1926ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಒಬ್ಬ ಹುಡುಗ ಸತ್ತದ್ದು ಕ್ಯಾಸೊವರಿಯ ಒದೆತದಿಂದಲೇ. ಎಮು ಬಯಲಿನಲ್ಲಿ ಓಡುವ ಹಕ್ಕಿಯಾದರೆ, ತಲೆಯ ಮೇಲೆ ಕೊಂಬಿನಂಥ ಮುಕುಟ ಹೊತ್ತ ಕ್ಯಾಸೊವರಿ ನ್ಯೂಗಿನಿ ಮತ್ತು ಈಶಾನ್ಯ ಆಸ್ಟ್ರೇಲಿಯಾದ ಮಳೆಕಾಡುಗಳಲ್ಲಿ ಹಣ್ಣುಗಳನ್ನು ಇಡಿಯಾಗಿ ನುಂಗಿ, ಬೀಜಗಳನ್ನು ದೂರದೂರಕ್ಕೆ ಚೆಲ್ಲುತ್ತ ಕಾಡನ್ನೇ ಬೆಳೆಸುತ್ತದೆ. ಹಾರಲಾರದ ದೊಡ್ಡ ಹಕ್ಕಿಗಳಿಗೆಲ್ಲ ಸೇರಿ ಪಠ್ಯಕ್ರಮದಲ್ಲಿ ಒಂದೇ ತರಗತಿ ಕೊಟ್ಟರೆ ಇದನ್ನೆಲ್ಲ ಹೇಳುವುದು ಯಾವಾಗ?

ಸೊನ್ನೆಯನ್ನು ಹೊಡೆದು, ಪೂರ್ಣ ಅಂಕ ಬರೆದು, ಪಕ್ಕದಲ್ಲಿ ಸಹಿ ಹಾಕಿ, ಅವಳಲ್ಲಿ ಕ್ಷಮೆ ಕೇಳಿದೆ. ಈ ಹಿಂದೆ ಅದೇ ಕಾಲಿಗೆ ‘ಎಮು’ ಎಂದು ಬರೆದವರಿಗೆಲ್ಲ ಅಂಕ ಕೊಟ್ಟವನೂ ನಾನೇ. ರಿಜಿಸ್ಟರ್ ತಿದ್ದಲು ಸಮಿತಿಯ ನಿರ್ಣಯ ಬೇಕಂತೆ. ಮೂರು ಬಾರಿ ಅರ್ಜಿ ಕೊಟ್ಟಿದ್ದೇನೆ, ನಮೂದು ಇನ್ನೂ ಹಾಗೆಯೇ ಇದೆ.